ಫ್ರಾನ್ಸಿನ ರಾಜಕೀಯ ಚಿಂತಕ ಅಲೆಕ್ಸಿ ದ ಟೋಕ್ವಿಲ್ 1831ರಲ್ಲಿ ಅಮೆರಿಕಕ್ಕೆ ಹೋದಾಗ, ಅಲ್ಲಿನ ಜನ ಮಾತೆತ್ತಿದರೆ ಸಂಘ ಕಟ್ಟುವುದನ್ನು ಕಂಡು ಬೆರಗಾದದ್ದು ಯಾಕೆ?
ಅವರು ನೋಡಿ ಬೆಳೆದ ಸಮಾಜ ಹಾಗಿರಲಿಲ್ಲ, ಅದಕ್ಕೇ. ಫ್ರಾನ್ಸಿನಲ್ಲಿ ದೊಡ್ಡ ಕೆಲಸ ಅಂದರೆ ಸರ್ಕಾರವೇ ಮುಂದೆ ನಿಲ್ಲಬೇಕಿತ್ತು. ಇಂಗ್ಲೆಂಡಿನಲ್ಲಾದರೆ ಯಾರಾದರೂ ಸಿರಿವಂತ ಜಮೀನ್ದಾರ. ಅಮೆರಿಕದಲ್ಲಿ ಶಾಲೆ, ಆಸ್ಪತ್ರೆ, ಚರ್ಚು ಏನೇ ಬೇಕಿದ್ದರೂ ಜನರೇ ಸೇರಿ ಸಂಘ ಮಾಡಿಕೊಳ್ಳುತ್ತಿದ್ದರು.

ಟೋಕ್ವಿಲ್ ಕೊಟ್ಟ ಕಾರಣ ಸರಳ. ಹುಟ್ಟಿನಿಂದ ಬಂದ ದೊಡ್ಡಸ್ತಿಕೆ ಇಲ್ಲದ ಕಡೆ ಎಲ್ಲರೂ ಸಮ, ನಿಜ. ಆದರೆ ಒಬ್ಬೊಬ್ಬರೇ ನಿಂತರೆ ಯಾರ ಕೈಲೂ ಜಾಸ್ತಿ ಏನೂ ಆಗುವುದಿಲ್ಲ, ಅಲ್ವಾ? ಹಾಗಾಗಿ ಕೈಜೋಡಿಸಲೇಬೇಕು.

ಅಂದಹಾಗೆ, ಅವರು ಹೋಗಿದ್ದು ಜೈಲುಗಳನ್ನು ನೋಡಲು! ಈ ಸಮಾನತೆ ಬಿಳಿಯರಿಗಷ್ಟೇ ಅನ್ನುವುದೂ ಅವರ ಕಣ್ಣಿಗೆ ಬಿದ್ದಿತ್ತು. ನೆಲ ಕಳೆದುಕೊಂಡ ಚಾಕ್ಟಾ ಮೂಲನಿವಾಸಿಗಳು ಕೊರೆಯುವ ಚಳಿಯಲ್ಲಿ ಮಿಸಿಸಿಪಿ ನದಿ ದಾಟುತ್ತಿದ್ದುದನ್ನು ಮೆಂಫಿಸ್‌ನಲ್ಲಿ ಸ್ವತಃ ನೋಡಿದ್ದರು.