ಅಡಿಕೆ ತೋಟದ ಮನೆಯವಳಿಗೆ ಧಾರವಾಡ ಕೃಷಿ ವಿ.ವಿ. ಸೀಟು ಸಿಗುತ್ತಾ?

ಪ್ರಶ್ನೆ: ಊರು ಶಿರಸಿ ಹತ್ತಿರದ ಹಳ್ಳಿ. ಪಿಯುಸಿಯಲ್ಲಿ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ನಾಲ್ಕೂ ಸೇರಿ 400ಕ್ಕೆ 340 ಬಂದಿದೆ. ಸಿಇಟಿಯ (ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಕೀ ಉತ್ತರ ನೋಡಿದರೆ 240ಕ್ಕೆ ಸುಮಾರು 110 ಬರಬಹುದು. ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟ ಇದೆ. ಏಳನೇ ಕ್ಲಾಸಿನವರೆಗೆ ಊರಿನ ಶಾಲೆ, ಆಮೇಲೆ ಶಿರಸಿ ಪೇಟೆಯ ಹೈಸ್ಕೂಲು, ಎಲ್ಲ ಕನ್ನಡ ಮಾಧ್ಯಮ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಸಿಗುತ್ತಾ? ಹೋದ ವರ್ಷದ ಕಟಾಫ್ (ಕೊನೆಯ ಸೀಟು ಸಿಕ್ಕ ರ‍್ಯಾಂಕು) ನೋಡಿ ಹೆದರಿಕೆಯಾಗಿದೆ.

ಉತ್ತರ: ನೀವು ನೋಡಿದ್ದು ಯಾವ ಕಟಾಫ್? ಜನರಲ್ ಮೆರಿಟ್‌ದೇ ಆಗಿದ್ದರೆ ಅದನ್ನು ನೋಡಿ ಹೆದರಬೇಡಿ. ಸಿಇಟಿ ನಡೆಸಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಟ್ಟಿಯಲ್ಲಿ ಒಂದೊಂದು ಕಾಲೇಜಿಗೂ ಬೇರೆ ಬೇರೆ ಸಾಲುಗಳಿವೆ. ನಿಮ್ಮ ಕೆಟಗರಿಯ ಸಾಲು, ಅದರಲ್ಲಿ ಕನ್ನಡ ಮಾಧ್ಯಮದ್ದು, ಮುಖ್ಯವಾಗಿ ಕೃಷಿಕರ ಕೋಟಾದ್ದು (ರೈತರ ಮಕ್ಕಳಿಗೆ ಮೀಸಲಾದ ಸೀಟುಗಳು) ಹುಡುಕಿ. ಕನ್ನಡ ಮಾಧ್ಯಮ ನಿಮಗೆ ಸಿಗುತ್ತದೆ, ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದ್ದೀರಲ್ಲ. ಗ್ರಾಮೀಣ ಕೋಟಾ ಸಿಗುವುದಿಲ್ಲ. ಅದಕ್ಕೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು, ನಿಮ್ಮ ಹೈಸ್ಕೂಲು ನಗರಸಭೆ ವ್ಯಾಪ್ತಿಯಲ್ಲಿದೆ. ಮನೆ ಹಳ್ಳಿಯಲ್ಲಿದೆ ಎಂದು ಅರ್ಜಿಯಲ್ಲಿ ಟಿಕ್ ಮಾಡಿ ಆಮೇಲೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ.

ಈಗ ಲೆಕ್ಕ. ಸಾಮಾನ್ಯ ರ‍್ಯಾಂಕಿಗೆ ಪಿಯುಸಿ ಅರ್ಧ, ಸಿಇಟಿ ಅರ್ಧ. ನಿಮ್ಮದು 42.5 ಮತ್ತು 22.9, ಒಟ್ಟು ನೂರಕ್ಕೆ 65ರ ಆಸುಪಾಸು. ಪಿಯುಸಿ ಚೆನ್ನಾಗಿದೆ, ಸಿಇಟಿ ಎಳೆದುಹಾಕಿದೆ. ಈ ದಾರಿಯಲ್ಲಿ ಧಾರವಾಡದ ಕ್ಯಾಂಪಸ್ಸೇ ಬೇಕೆಂದರೆ ಕಷ್ಟ, ಸುಮ್ನೆ ಆಸೆ ಹುಟ್ಟಿಸಲಾರೆ.

ಆದರೆ ಕೃಷಿಕರ ಕೋಟಾದ ಲೆಕ್ಕವೇ ಬೇರೆ. ಅಲ್ಲಿ ಪಿಯುಸಿಗೆ 25, ಸಿಇಟಿಗೆ 25, ಪ್ರಾಯೋಗಿಕ ಪರೀಕ್ಷೆಗೆ 50. ಅಂದರೆ ಸಿಇಟಿಯಲ್ಲಿ 20 ಅಂಕ ಕಳೆದುಕೊಂಡರೆ ಹೋಗುವುದು ಎರಡು ಪಾಯಿಂಟ್, 200 ಅಂಕದ ಪ್ರಾಯೋಗಿಕದಲ್ಲಿ 20 ಅಂಕ ಜಾಸ್ತಿ ತೆಗೆದರೆ ಬರುವುದು ಐದು. ನೀವು ಅದರಲ್ಲಿ 120 ತೆಗೆದರೆ ಒಟ್ಟು 63ರ ಹತ್ತಿರ, 170 ತೆಗೆದರೆ 75 ದಾಟುತ್ತದೆ. ನಿಮ್ಮ ಸೀಟು ಇರುವುದು ಈ ಎರಡರ ನಡುವೆ.

ಪ್ರಾಯೋಗಿಕದಲ್ಲಿ ಬೀಜ, ಗೊಬ್ಬರ, ಉಪಕರಣಗಳನ್ನು ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ಇಲ್ಲೇ ನಮ್ಮ ಘಟ್ಟದ ಮಕ್ಕಳು ಎಡವುತ್ತಾರೆ. ಅಡಿಕೆ, ಕಾಳುಮೆಣಸು, ಏಲಕ್ಕಿ ಕಣ್ಣುಮುಚ್ಚಿ ಹೇಳುತ್ತೀರಿ, ಕೊನೆ ಕೊಯ್ಯುವುದು ಗೊತ್ತು, ಕೊಳೆ ರೋಗ ಗೊತ್ತು, ಆದರೆ ಸಜ್ಜೆ, ನವಣೆ, ಕುಸುಬೆ ಬೀಜ ಮುಂದಿಟ್ಟರೆ? ಬಯಲುಸೀಮೆ ಹುಡುಗರಿಗೆ ಅದು ಮನೆಯ ಕಣಜದ ಕಾಳು. ಹಾಗಾಗಿ ಇವತ್ತೇ ಬೀಜ-ಗೊಬ್ಬರದ ಅಂಗಡಿಗೆ ಹೋಗಿ, ಒಂದೊಂದು ಹಿಡಿ ಕಾಳು ತಂದು ಹೆಸರಿಲ್ಲದೆ ಪೊಟ್ಟಣ ಕಟ್ಟಿ, ತಮ್ಮನೋ ತಂಗಿಯೋ ಇದ್ದರೆ ಅವರಿಂದ ಕೇಳಿಸಿಕೊಳ್ಳಿ. ರಾಗಿ ಮತ್ತು ಸಾಸಿವೆ ಫೋಟೋದಲ್ಲಿ ಒಂದೇ ಥರ ಕಾಣಬಹುದು, ಬೆರಳಲ್ಲಿ ಉಜ್ಜಿದರೆ ಸಾಸಿವೆ ನುಣುಪು, ರಾಗಿ ತರಿತರಿ. ಯೂರಿಯಾ, ಡಿಎಪಿ, ಪೊಟ್ಯಾಷ್ ಕೂಡ ಕೈಯಲ್ಲಿ ಹಿಡಿದೇ ನೋಡಿ. ಮುಂಡಗೋಡ ಕಡೆ ನೆಂಟರಿದ್ದರೆ ಎರಡು ದಿನ ಹೋಗಿ ಬನ್ನಿ, ಮೆಕ್ಕೆಜೋಳ, ಹತ್ತಿ, ಕೂರಿಗೆ, ಕುಂಟೆ ಎಲ್ಲ ಅಲ್ಲಿ ಸಿಗುತ್ತವೆ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು-ಕೋರ್ಸುಗಳನ್ನು ಆನ್‌ಲೈನಿನಲ್ಲಿ ಪಟ್ಟಿ ಮಾಡುವಾಗ, ಬೇಕಾದ್ದನ್ನು ಬೇಕಾದ ಕ್ರಮದಲ್ಲೇ ಹಾಕಿ. ಮೇಲಿನದು ಸಿಗದಿದ್ದರೆ ಕೆಳಗಿನದು ಕೈತಪ್ಪುವುದಿಲ್ಲ. ಧಾರವಾಡದ ಕೆಳಗೆ ವಿಜಯಪುರ ಮತ್ತು ಹನುಮನಮಟ್ಟಿ ಹಾಕಿ, ಅವೂ ಅದೇ ವಿಶ್ವವಿದ್ಯಾಲಯದ ಕಾಲೇಜುಗಳು, ಪದವಿಯೂ ಅದೇ. ನಿಮ್ಮ ಮನೆ ಪಕ್ಕದ ಶಿರಸಿ ಅರಣ್ಯ ಕಾಲೇಜೂ ಧಾರವಾಡ ಕೃಷಿ ವಿ.ವಿ.ಯದ್ದೇ ಅಲ್ವಾ! ಬಿಎಸ್ಸಿ ಫಾರೆಸ್ಟ್ರಿ ಬಗ್ಗೆ ಒಮ್ಮೆ ಮನಸ್ಸಿಟ್ಟು ಯೋಚಿಸಿ. ಶಿರಸಿಯ ತೋಟಗಾರಿಕೆ ಕಾಲೇಜು ಬಾಗಲಕೋಟೆ ವಿ.ವಿ.ಗೆ ಸೇರಿದ್ದು, ತೋಟದ ಮನೆಯವಳಿಗೆ ಅದೂ ಚೆನ್ನಾಗಿ ಒಗ್ಗುತ್ತದೆ.

ಪಹಣಿ ಅಪ್ಪನ ಹೆಸರಲ್ಲೇ ಇದೆಯಾ, ಇನ್ನೂ ಅಜ್ಜನ ಹೆಸರಲ್ಲಿದೆಯಾ ಅಂತ ಇವತ್ತು ರಾತ್ರಿಯೇ ಕೇಳಿ. ನಮ್ಮ ಕಡೆ ಪಾಲಾದರೂ ಖಾತೆ ಬದಲಾಗಿರುವುದಿಲ್ಲ. ಅಜ್ಜನ ಹೆಸರಲ್ಲೇ ಇದ್ದರೆ ಕೃಷಿಕರ ಪ್ರಮಾಣಪತ್ರಕ್ಕೆ ಏನೇನು ಬೇಕಾಗುತ್ತದೆ ಎಂದು ಈ ವಾರವೇ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.