ಪಾಲಿಶ್ ಮಾಡಿದ ಮೇಲೂ ಕಾರಿನ ಮೇಲೆ ಹೊಗೆಯಂಥ ಮಸುಕು: ಬಣ್ಣ ಕೆಟ್ಟಿತೇ?

ಪ್ರಶ್ನೆ: ನನ್ನದು ಆರು ವರ್ಷದ ಕಪ್ಪು ಕಾರು. ಮೈತುಂಬ ಜೇಡರ ಬಲೆಯಂಥ ಗೀರುಗಳಿದ್ದವು. ಡ್ಯುಯಲ್ ಆ್ಯಕ್ಷನ್ ಮಷೀನ್ ತಂದು, ಮೈಕ್ರೋಫೈಬರ್ ಪ್ಯಾಡ್‌ಗೆ ಕಾಂಪೌಂಡ್ (ಗೀರು ಸವೆಸುವ ಒರಟು ಪೇಸ್ಟ್) ಹಾಕಿ, ಎರಡು ದಿನ ಕೂತು ಇಡೀ ಕಾರಿಗೆ ಪಾಲಿಶ್ ಮಾಡಿದೆ. ಗೀರುಗಳು ಹೋದವು. ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಕನ್ನಡಿಯ ಹಾಗೆ ಕಾಣುತ್ತಿತ್ತು. ಮರುದಿನ ಬಿಸಿಲಿಗೆ ತಂದಾಗ ಬಾನೆಟ್, ಬಾಗಿಲು ಎಲ್ಲದರ ಮೇಲೂ ಬೂದು ಹೊಗೆ ಕೂತ ಹಾಗೆ ಮಸುಕು. ಅದೇ ಕಾಂಪೌಂಡ್ ಹಾಕಿ ಇನ್ನೂ ಒತ್ತಿ ತಿಕ್ಕಿದೆ, ಮಸುಕು ಜಾಸ್ತಿಯಾಯಿತು. ಬಣ್ಣ ಸುಟ್ಟುಹೋಗಿದೆಯೇ? ಮತ್ತೆ ಪೇಂಟ್ ಮಾಡಿಸಬೇಕೇ?

ಉತ್ತರ: ಪೇಂಟ್ ಮಾಡಿಸುವ ಮಾತು ಸದ್ಯಕ್ಕೆ ಬಿಡಿ. ಬಣ್ಣ ಸುಟ್ಟಿದ್ದರೆ ಇಡೀ ಕಾರಿನ ಮೇಲೆ ಒಂದೇ ಸಮನಾಗಿ ಮಸುಕು ಬರುವುದಿಲ್ಲ. ಅಂಚಿನಲ್ಲೋ ಬಾಡಿ ಲೈನಿನ (ತಗಡಿನ ಉಬ್ಬು ಗೆರೆಯ) ಮೇಲೋ ಒಂದು ಕಡೆ ಹೊಳಪೇ ಇಲ್ಲದ ಕಲೆ ಬೀಳುತ್ತದೆ, ಅಲ್ಲಿ ಪ್ಯಾಡಿಗೆ ಕಾರಿನ ಬಣ್ಣ ಅಂಟುತ್ತದೆ. ನೀವು ಹೇಳುತ್ತಿರುವುದು ಅದಲ್ಲ. ನಿಮ್ಮ ಕೆಲಸ ಹಾಳಾಗಿಲ್ಲ, ಅರ್ಧಕ್ಕೆ ನಿಂತಿದೆ, ಅಷ್ಟೇ. ಆದರೆ ಆ ಕಾಂಪೌಂಡ್ ಬಾಟಲಿಯನ್ನು ಮತ್ತೆ ಕೈಗೆತ್ತಿಕೊಳ್ಳಬೇಡಿ.

ಏನಾಗಿದೆ ಎಂದು ಮೊದಲು ಹೇಳುತ್ತೇನೆ. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಪಾಲಿಶ್ ಮಾಡುವುದೆಂದರೆ ಈ ಪದರದ ಮೇಲ್ಮೈಯನ್ನು ಗೀರಿನ ತಳ ಸಿಗುವವರೆಗೆ ಸವೆಸುವುದು. ಕಾಂಪೌಂಡಿನ ಕಣಗಳು ಹಳೆಯ ದೊಡ್ಡ ಗೀರುಗಳನ್ನು ತೆಗೆಯುತ್ತವೆ, ಜೊತೆಗೆ ತಮ್ಮದೇ ಲಕ್ಷಾಂತರ ಸಣ್ಣ ಗೀರುಗಳನ್ನು ಬಿಟ್ಟು ಹೋಗುತ್ತವೆ. ಒಂದೊಂದೂ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ನಾವು ನೋಡುವ ಬೆಳಕಿನ ಅಲೆಯ ಉದ್ದ ಸುಮಾರು 0.4ರಿಂದ 0.7 ಮೈಕ್ರಾನ್. ಆ ಅಳತೆಯ ಆಸುಪಾಸಿನ ಗೀರುಗಳು ಒತ್ತಾಗಿ ಕೂತರೆ ಬೆಳಕು ನೇರವಾಗಿ ವಾಪಸ್ ಬರದೆ ಸುತ್ತ ಚೆದುರುತ್ತದೆ. ಚೆದುರಿದ ಆ ಬೆಳಕೇ ನಿಮಗೆ ಕಾಣುತ್ತಿರುವ ಬೂದು ಹೊಗೆ. ಬಿಳಿ ಕಾರಿನಲ್ಲಿ ಇಷ್ಟೇ ಮಸುಕಿದ್ದರೂ ಗೊತ್ತಾಗುವುದಿಲ್ಲ. ಕಪ್ಪು ಬಣ್ಣ ಮಾತ್ರ ಯಾವುದನ್ನೂ ಮುಚ್ಚಿಡುವುದಿಲ್ಲ.

ನೀವು ಇನ್ನೂ ಒತ್ತಿ ತಿಕ್ಕಿದಾಗ ಮಸುಕು ಹೆಚ್ಚಾಗಿದ್ದಕ್ಕೂ ಕಾರಣವಿದೆ. ಡ್ಯುಯಲ್ ಆ್ಯಕ್ಷನ್ ಮಷೀನಿನಲ್ಲಿ ಪ್ಯಾಡ್ ಅದುರುವುದರ ಜೊತೆಗೆ ತನ್ನಷ್ಟಕ್ಕೆ ತಿರುಗುತ್ತಲೂ ಇರಬೇಕು. ಭಾರ ಹೆಚ್ಚಾದರೆ ತಿರುಗುವುದು ನಿಂತು ಬರೀ ಅದುರುತ್ತದೆ. ಸದ್ದು ಅಷ್ಟೇ ಇರುವುದರಿಂದ ಕೈಗೆ ಗೊತ್ತಾಗುವುದಿಲ್ಲ. ಪ್ಯಾಡ್ ಕೂರಿಸುವ ತಟ್ಟೆಯ ಅಂಚಿನಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಳ್ಳಿ. ಕೆಲಸ ಮಾಡುವಾಗ ಆ ಗೆರೆ ಸುತ್ತುತ್ತಿರುವುದು ಕಾಣಬೇಕು. ಒಂದೇ ಕಡೆ ನಿಂತು ನಡುಗುತ್ತಿದ್ದರೆ ನೀವು ಪಾಲಿಶ್ ಮಾಡುತ್ತಿಲ್ಲ, ಬಣ್ಣವನ್ನು ಕೆರೆಯುತ್ತಿದ್ದೀರಿ.

ಮಷೀನ್ ಹಿಡಿಯುವ ಮೊದಲು ಇದು ನಿಜಕ್ಕೂ ಗೀರಿನ ಮಸುಕೇ ಎಂದು ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ಕಾರನ್ನು ನೆರಳಿಗೆ ತನ್ನಿ, ಲೋಹ ಮುಟ್ಟಿದರೆ ತಣ್ಣಗಿರಬೇಕು. ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನಾಲ್ಕೈದು ಪಾಲು ಡಿಸ್ಟಿಲ್ಡ್ ನೀರು ಬೆರೆಸಿ, ಬಾನೆಟ್ಟಿನ ಒಂದು ಮೂಲೆಗೆ ಸಿಂಪಡಿಸಿ, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತದೆ ಒರೆಸಿ. ಮಸುಕು ಅಲ್ಲಿ ಹೊರಟುಹೋದರೆ ಅದು ಕಾಂಪೌಂಡಿನ ಎಣ್ಣೆ, ಪುಡಿಯ ಪೊರೆ. ಹಾಗಿದ್ದರೆ ಇಡೀ ಕಾರನ್ನು ಹೀಗೇ ಒರೆಸಿದರೆ ಮುಗಿಯಿತು. ಹೋಗಲಿಲ್ಲವೆಂದರೆ ಅದೇ ಜಾಗಕ್ಕೆ ನೀರು ಚಿಮುಕಿಸಿ ನೋಡಿ. ಒದ್ದೆ ಇರುವಾಗ ಮಾಯವಾಗಿ ಒಣಗಿದ ಕೂಡಲೇ ಮತ್ತೆ ಬಂದರೆ ದೋಷ ಮೇಲ್ಮೈಯಲ್ಲಿದೆ, ನೀರು ಗೀರುಗಳನ್ನು ತುಂಬಿ ತಾತ್ಕಾಲಿಕವಾಗಿ ಮಟ್ಟ ಮಾಡಿದೆ ಎಂದರ್ಥ. ಒದ್ದೆ ಇದ್ದಾಗಲೂ ಮಸುಕು ಹಾಗೇ ಇದ್ದರೆ ಅದು ಬಹುಮಟ್ಟಿಗೆ ಪದರದ ಒಳಗಿನ ದೋಷ, ಪಾಲಿಶ್‌ಗೆ ಸಿಗುವುದಿಲ್ಲ.

ಕೊನೆಯದಾಗಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು, ಮುಖ ಹತ್ತಿರ ತಂದು ನೋಡಿ. ಬೆಳಕಿನ ಚುಕ್ಕೆಯ ಸುತ್ತ ಕೂದಲೆಳೆಯ ತುಂಡುಗಳಂಥ ಪುಟ್ಟ ಕಮಾನುಗಳು, ಎಲ್ಲ ದಿಕ್ಕಿಗೂ, ಲೆಕ್ಕವಿಲ್ಲದಷ್ಟು ಕಂಡರೆ ಅದು ಕಾಂಪೌಂಡ್ ಮತ್ತು ಪ್ಯಾಡ್ ಬಿಟ್ಟ ಗುರುತು. ನಿಮ್ಮ ವಿವರಣೆ ನೋಡಿದರೆ ಇದೇ ಎನಿಸುತ್ತದೆ. ಮೈಕ್ರೋಫೈಬರ್ ಪ್ಯಾಡ್ ವೇಗವಾಗಿ ಸವೆಸುತ್ತದೆ. ಕ್ಲಿಯರ್ ಕೋಟ್ ಮೆದುವಾಗಿದ್ದರೆ ಅದರ ಎಳೆಗಳೇ ಗುರುತು ಮಾಡುತ್ತವೆ. ಬದಲಿಗೆ ಉದ್ದನೆಯ ನೇರ ಗೆರೆಗಳು, ನೀವು ಬಟ್ಟೆ ಎಳೆದ ದಿಕ್ಕಿನಲ್ಲೇ ಇದ್ದರೆ ತಪ್ಪು ಒರೆಸುವ ಬಟ್ಟೆಯದು. ಸುರುಳಿಯಂಥ ಒಂಟಿ ಆಳ ಗೀರು ಕಂಡರೆ ಪ್ಯಾಡಿನಲ್ಲಿ ಎಲ್ಲಿಂದಲೋ ಮರಳಿನ ಕಣ ಸಿಕ್ಕಿಕೊಂಡಿತ್ತು.

ಈಗ ಪರಿಹಾರ. ಮೆತ್ತನೆಯ ಫಿನಿಶಿಂಗ್ ಫೋಮ್ ಪ್ಯಾಡ್ ಮತ್ತು ನುಣುಪು ಫಿನಿಶಿಂಗ್ ಪಾಲಿಶ್, ಇವೆರಡನ್ನು ತನ್ನಿ. ಎರಡೂ ಹೊಸದಿರಲಿ. ಕಾಂಪೌಂಡ್ ಕುಡಿದ ಪ್ಯಾಡನ್ನು ತೊಳೆದು ಇದಕ್ಕೆ ಬಳಸುವ ಆಸೆ ಬೇಡ. ಇಡೀ ಕಾರಿಗೆ ಕೈ ಹಾಕದೆ ಬಾನೆಟ್ಟಿನ ಮೇಲೆ ಎರಡು ಗೇಣು ಚೌಕದಷ್ಟು ಜಾಗಕ್ಕೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಪ್ಯಾಡಿನ ಮುಖಕ್ಕೆಲ್ಲ ಪಾಲಿಶನ್ನು ಬೆರಳಿನಿಂದ ತೆಳುವಾಗಿ ಹಚ್ಚಿ, ಮೇಲೆ ಬಟಾಣಿ ಕಾಳಿನಷ್ಟು ಮೂರು ತೊಟ್ಟು ಇಡಿ. ಮಷೀನ್ ಶುರು ಮಾಡುವ ಮೊದಲೇ ಪ್ಯಾಡನ್ನು ಬಣ್ಣಕ್ಕೆ ತಾಗಿಸಿ ಪಾಲಿಶ್ ಹರಡಿಬಿಡಿ, ಇಲ್ಲದಿದ್ದರೆ ಗೋಡೆಯ ತನಕ ಸಿಡಿಯುತ್ತದೆ. ಆರು ಸ್ಪೀಡಿನ ಮಷೀನಾದರೆ ಮೂರು ಅಥವಾ ನಾಲ್ಕರಲ್ಲಿಡಿ. ಮಷೀನಿನ ಸ್ವಂತ ತೂಕವೇ ಸಾಕು, ಕೈ ಅದನ್ನು ಬರೀ ನಡೆಸಬೇಕು.

ಕೈಯ ವೇಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೊಸಬರು ಎಡವುವುದು ಇಲ್ಲೇ. ಇಸ್ತ್ರಿ ಪೆಟ್ಟಿಗೆ ಓಡಿಸಿದ ಹಾಗೆ ಓಡಿಸುತ್ತಾರೆ. ಸೆಕೆಂಡಿಗೆ ಎರಡು-ಮೂರು ಸೆಂಟಿಮೀಟರ್ ಸಾಗಿದರೆ ಸಾಕು. ಒಮ್ಮೆ ಎಡದಿಂದ ಬಲಕ್ಕೆ, ಪ್ರತಿ ಸಾಲೂ ಹಿಂದಿನ ಸಾಲನ್ನು ಅರ್ಧ ಮುಚ್ಚುವಂತೆ. ಆಮೇಲೆ ಅದೇ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ. ಹೀಗೆ ನಾಲ್ಕೈದು ಸುತ್ತು. ಕೊನೆಯ ಎರಡು ಸುತ್ತಿನಲ್ಲಿ ಮಷೀನನ್ನು ತುಸು ಎತ್ತಿ ಹಿಡಿದಂತೆ ಹಗುರಾಗಿ ನಡೆಸಿ. ಪಾಲಿಶ್ ಮೊದಲು ಬೆಳ್ಳಗಿದ್ದು, ಆಮೇಲೆ ತೆಳುವಾಗಿ, ಗಾಜಿನ ಮೇಲಿನ ಉಸಿರಿನ ಪೊರೆಯಂತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಪೊರೆ ಪೂರ್ತಿ ಒಣಗಿ ಪುಡಿ ಹಾರುವ ತನಕ ಓಡಿಸಿದರೆ ನೀವು ತೆಗೆದ ಮಸುಕನ್ನು ನೀವೇ ಮತ್ತೆ ಹಾಕುತ್ತೀರಿ.

ಒರೆಸಿ, ಆಲ್ಕೋಹಾಲ್ ನೀರಿನಿಂದ ಇನ್ನೊಮ್ಮೆ ಒರೆಸಿ, ಬಿಸಿಲಿನಲ್ಲಿ ನೋಡಿ. ಟೇಪಿನ ಒಳಗೆ ಕಪ್ಪು ಆಳವಾಗಿ, ಹೊರಗೆ ಬೂದಾಗಿ ಕಂಡರೆ ನಿಮ್ಮ ದಾರಿ ಸಿಕ್ಕಿತು, ಇಡೀ ಕಾರಿಗೆ ಅದನ್ನೇ ಮಾಡಿ. ಸ್ವಲ್ಪ ಮಸುಕು ಉಳಿದಿದ್ದರೆ ಇನ್ನೂ ಮೆತ್ತನೆಯ ಪ್ಯಾಡ್ ಹಾಕಿ, ಅಥವಾ ಪಾಲಿಶ್ ಬದಲಿಸಿ, ಅಥವಾ ವೇಗ ಒಂದು ಅಂಕ ಇಳಿಸಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತೆಂದು ತಿಳಿಯುವುದೇ ಇಲ್ಲ.

ಪ್ಯಾಡ್ ಸ್ವಚ್ಛವಾಗಿಡುವುದನ್ನು ದಯವಿಟ್ಟು ಸಣ್ಣ ವಿಷಯ ಎಂದುಕೊಳ್ಳಬೇಡಿ. ಸವೆದ ಕ್ಲಿಯರ್ ಕೋಟ್ ಎಲ್ಲಿಗೂ ಹೋಗುವುದಿಲ್ಲ, ಪ್ಯಾಡಿನಲ್ಲೇ ಪಾಲಿಶ್ ಜೊತೆ ಕಲಸಿ ಅಂಟಾಗಿ ಗಟ್ಟಿಯಾಗುತ್ತದೆ. ಹಲವು ವರ್ಷದ ಹಿಂದೆ ನಾನೊಂದು ಕಪ್ಪು ಬಾಗಿಲಿನ ಮಸುಕು ತೆಗೆಯಲಾಗದೆ ಇಡೀ ಸಂಜೆ ಪಾಲಿಶ್ ಮೇಲೆ ಪಾಲಿಶ್ ಬದಲಿಸಿದೆ. ಕೊನೆಗೆ ಪ್ಯಾಡನ್ನು ಕಳಚಿ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ನಡುಭಾಗ ಚಕ್ಕಳದ ಹಾಗೆ ಬಿರುಸಾಗಿತ್ತು, ಉಗುರಿನಲ್ಲಿ ಕೆರೆದರೆ ಬೂದು ಚೂರುಗಳು ಉದುರಿದವು. ಹೊಸ ಪ್ಯಾಡ್ ಹಾಕಿ, ಮೊದಲು ಬಳಸಿದ ಪಾಲಿಶನ್ನೇ ಹಾಕಿದೆ. ಐದು ನಿಮಿಷದಲ್ಲಿ ಬಾಗಿಲು ತಿಳಿಯಾಯಿತು. ಅಂದಿನಿಂದ ಪ್ರತಿ ಚೌಕ ಮುಗಿದ ಮೇಲೂ ನೈಲಾನ್ ಬ್ರಷ್‌ನಿಂದ ಪ್ಯಾಡ್ ಕೆರೆಯುತ್ತೇನೆ, ಒಂದೆರಡು ಪ್ಯಾನೆಲ್‌ಗೆ ಒಂದರಂತೆ ಪ್ಯಾಡ್ ಬದಲಿಸುತ್ತೇನೆ. ಇಡೀ ಕಾರಿಗೆ ಒಂದೇ ಪ್ಯಾಡ್ ಸಾಲುವುದಿಲ್ಲ.

ಪದರ ಎಷ್ಟು ಉಳಿದಿದೆ ಎಂಬ ಚಿಂತೆ ನಿಮಗಿರಬಹುದು. ಫಿನಿಶಿಂಗ್ ಪಾಲಿಶ್ ತೆಗೆಯುವುದು ತೀರಾ ಕಡಿಮೆ. ಆದರೆ ಎರಡು ಸಲ ಕಾಂಪೌಂಡ್ ಆಗಿರುವುದರಿಂದ ಅಂಚುಗಳಿಗೆ ಟೇಪ್ ಹಾಕಿಯೇ ಕೆಲಸ ಮಾಡಿ, ಅಲ್ಲಿ ಪದರ ಮೊದಲೇ ತೆಳು. ದಪ್ಪ ಅಳೆಯುವ ಮೀಟರ್ ಸಿಕ್ಕರೆ ಒಳ್ಳೆಯದೇ, ಆದರೆ ಸಾಮಾನ್ಯ ಮೀಟರ್ ತೋರಿಸುವುದು ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲದರ ಒಟ್ಟು ಮೊತ್ತವನ್ನು. 110 ಮೈಕ್ರಾನ್ ಎಂದು ಬಂದರೆ ಅಷ್ಟೂ ತಿಕ್ಕಲು ಇದೆ ಎಂದುಕೊಳ್ಳಬಾರದು. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವುದೂ ಈ ಕ್ಲಿಯರ್ ಕೋಟೇ. ಅದು ತೀರಾ ತೆಳುವಾದರೆ ಇವತ್ತು ಹೊಳೆದರೂ ಮುಂದೆ ಬೆಳ್ಳಗಾಗಿ ಸಿಪ್ಪೆ ಏಳುತ್ತದೆ.

ಪ್ರಶ್ನೆ: ಗ್ಯಾರೇಜಿನಲ್ಲಿ ರೋಟರಿ ಮಷೀನಿನಿಂದ ಪಾಲಿಶ್ ಮಾಡಿಸಿದೆ. ಕೊಟ್ಟ ದಿನ ಚೆನ್ನಾಗಿತ್ತು. ಮೂರು ಸಲ ತೊಳೆದ ಮೇಲೆ ಬಿಸಿಲಿನಲ್ಲಿ ಅಲೆಅಲೆಯಾದ ಪಟ್ಟಿಗಳು ಕಾಣುತ್ತಿವೆ, ನಾನು ನಡೆದರೆ ಅವೂ ಜೊತೆಗೆ ಸರಿಯುತ್ತವೆ.

ಉತ್ತರ: ಇದನ್ನು ಹಾಲೋಗ್ರಾಮ್ ಎನ್ನುತ್ತಾರೆ. ರೋಟರಿಯ ಪ್ಯಾಡ್ ಒಂದೇ ಅಕ್ಷದ ಸುತ್ತ ತಿರುಗುವುದರಿಂದ ಗೀರುಗಳು ಎಲ್ಲ ದಿಕ್ಕಿಗೆ ಚೆದುರದೆ ಮಷೀನ್ ಸಾಗಿದ ದಾರಿಯಲ್ಲೇ ಸಾಲಾಗಿ ನಿಲ್ಲುತ್ತವೆ. ಉಣ್ಣೆ ಪ್ಯಾಡಿನಲ್ಲೇ ಕೆಲಸ ಮುಗಿಸಿದಾಗ ಇದು ಹೆಚ್ಚು. ಮೊದಲ ದಿನ ಕಾಣದಿದ್ದುದು ಪಾಲಿಶ್‌ನ ಎಣ್ಣೆಯೋ ಗ್ಲೇಜೋ (ಹೊಳಪಿನ ಲೇಪ) ಗೀರುಗಳನ್ನು ತುಂಬಿದ್ದರಿಂದ. ಶಾಂಪೂ ಅದನ್ನು ತೊಳೆದುಹಾಕಿತು, ಗೀರು ಉಳಿಯಿತು. ಇದು ಹೊಸದಾಗಿ ಬಂದ ದೋಷವಲ್ಲ, ಕಾರು ನಿಮ್ಮ ಕೈಗೆ ಬಂದ ದಿನವೇ ಇತ್ತು. ಡ್ಯುಯಲ್ ಆ್ಯಕ್ಷನ್ ಮಷೀನ್, ಮೆತ್ತನೆಯ ಫೋಮ್, ನುಣುಪು ಪಾಲಿಶ್‌ನಿಂದ ಮೇಲೆ ಹೇಳಿದ ಹಾಗೆ ಮಾಡಿದರೆ ಹೋಗುತ್ತದೆ. ಮುಂದೆ ಯಾರಿಂದ ಮಾಡಿಸಿದರೂ ಆಲ್ಕೋಹಾಲ್ ನೀರಿನಿಂದ ಒರೆಸಿ, ಬಿಸಿಲಿಗೆ ತಂದು ತೋರಿಸಿ ಎಂದು ಕೇಳಿ. ಹಾಗೆ ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ಒಂದು ಬಾಗಿಲಿಗೆ ಎರಡು ವಾರದ ಹಿಂದೆ ಪೇಂಟ್ ಆಗಿದೆ. ಮಸುಕಿತ್ತೆಂದು ಪಾಲಿಶ್ ಮಾಡಿದೆ, ಹೊಳೆಯಿತು. ನಾಲ್ಕು ದಿನದಲ್ಲಿ ಮತ್ತೆ ಮಸುಕು.

ಉತ್ತರ: ಮಷೀನ್ ಪಕ್ಕಕ್ಕಿಡಿ. ಹೊಸ ಬಣ್ಣದೊಳಗಿನ ದ್ರಾವಕ ಇನ್ನೂ ಆರುತ್ತಿದೆ. ಅದು ಹೊರಹೋದಂತೆ ಪದರ ಕುಗ್ಗಿ, ಅಡಿಯಲ್ಲಿ ಮರಳು ಕಾಗದದಿಂದ ತಿಕ್ಕಿದ ಗೆರೆಗಳು ಮೇಲೆ ಮೂಡುತ್ತವೆ, ಹೊಳಪು ಬಾಡುತ್ತದೆ. ಈಗ ಎಷ್ಟು ಸಲ ಪಾಲಿಶ್ ಮಾಡಿದರೂ ಅದು ಕುಗ್ಗುತ್ತಲೇ ಇರುತ್ತದೆ, ನೀವು ಸುಮ್ಮನೆ ಪದರ ಸವೆಸುತ್ತೀರಿ. ಪೇಂಟ್ ಮಾಡಿದವರನ್ನು ಯಾವ ಬಣ್ಣ, ಬಿಸಿಗೂಡಿನಲ್ಲಿ ಒಣಗಿಸಿದಿರೋ ಗಾಳಿಯಲ್ಲೋ ಎಂದು ಕೇಳಿ. ಗಾಳಿಯಲ್ಲಿ ಒಣಗಿದ್ದಾದರೆ ಕನಿಷ್ಠ ಒಂದು ತಿಂಗಳು ಬಿಡಿ, ಎರಡಾದರೆ ಇನ್ನೂ ನಿಶ್ಚಿಂತೆ. ಅಲ್ಲಿಯವರೆಗೆ ವ್ಯಾಕ್ಸ್, ಕೋಟಿಂಗ್, ಆಲ್ಕೋಹಾಲ್ ಯಾವುದೂ ಬೇಡ, ಬರೀ ನೀರು ಮತ್ತು ಶಾಂಪೂ ಸಾಕು.

ಪ್ರಶ್ನೆ: ಮಸುಕಿನ ಮೇಲೆ ಸೆರಾಮಿಕ್ ಕೋಟಿಂಗ್ ಹಾಕಿದರೆ ಮುಚ್ಚಿಹೋಗುವುದಿಲ್ಲವೇ?

ಉತ್ತರ: ಇಲ್ಲ. ಕೋಟಿಂಗ್ ಪದರ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಅಷ್ಟೇ, ಮಸುಕನ್ನು ಅಡಗಿಸುವ ದಪ್ಪ ಅದಕ್ಕಿಲ್ಲ. ಹಾಕಿದರೆ ಮಸುಕು ಅದರಡಿ ಹಾಗೇ ಉಳಿಯುತ್ತದೆ, ಆಮೇಲೆ ಸರಿ ಮಾಡಬೇಕೆಂದರೆ ಕೋಟಿಂಗನ್ನೇ ತಿಕ್ಕಿ ತೆಗೆಯಬೇಕು. ವ್ಯಾಕ್ಸ್ ಆದರೆ ಕೆಲವು ವಾರ ಸ್ವಲ್ಪ ಮರೆಮಾಚೀತು. ಮೊದಲು ಮಸುಕು ತೆಗೆಯಿರಿ, ಬಿಸಿಲಿನಲ್ಲಿ ಎರಡು ದಿನ ಓಡಾಡಿಸಿ ನೋಡಿ, ನಿಮಗೆ ಸಮಾಧಾನವಾದ ಮೇಲೆ ಕೋಟಿಂಗ್ ಹಾಕಿ.