ಪ್ರಶ್ನೆ ನಿಮ್ಮದು: ಏಳು ದಿನದ ಪೇಪರ್, ಒಂದೇ ಕೊಪ್ಪರಿಗೆ ಸಾಂಬಾರ್

ಮಳೆ ಶುರುವಾದ್ರೆ ಈ ಕಾಲಂಗೆ ಪತ್ರ ಜಾಸ್ತಿ ಬರುತ್ತೆ, ಬಹುಶಃ ಮುಂಬೈನ ಕುರ್ಲಾದಲ್ಲಿ ಲೋಕಲ್ ಟ್ರೈನ್ ನಿಂತಾಗ ಎಲ್ರೂ ಮೊಬೈಲ್ ತೆಗೆದು ನನಗೆ ಟೈಪ್ ಮಾಡ್ತಾರೇನೋ. ಈ ಸಲ ಬಂದದ್ದರಲ್ಲಿ ಮುಕ್ಕಾಲು ಪಾಲು ಪ್ರಾಣಿ ಪಕ್ಷಿಗಳದ್ದು, ಮತ್ತೆ ಅವುಗಳ ಹಿಂದೆ ಓಡೋ ಮಕ್ಕಳದ್ದು. ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕಿಲ್ಲ.

ಪ್ರಶ್ನೆ: ಸರ್, ಮಗಳು ಎಂಎಸ್ಸಿ ಝೂಆಲಜಿ ಮಾಡ್ತಿದ್ದಾಳೆ. ಥಾಣೆ ಖಾಡಿ (ಸಮುದ್ರದ ಹಿನ್ನೀರು) ಹತ್ರ ಏಡಿ ಬಿಲ ಎಣಿಸಿ ಪ್ರಾಜೆಕ್ಟ್ ಬರ್ದಿದ್ದಾಳೆ. ಈಗ ಒಂದು ಸಂಶೋಧನಾ ಜರ್ನಲ್‌ನಿಂದ ಮೇಲ್ ಬಂದಿದೆ, 4,500 ರೂಪಾಯಿ ಕಟ್ಟಿದ್ರೆ ಏಳು ದಿನದಲ್ಲಿ ಪ್ರಿಂಟ್ ಮಾಡ್ತಾರಂತೆ, ಸರ್ಟಿಫಿಕೇಟೂ ಕೊಡ್ತಾರಂತೆ. ಪಿಎಚ್‌ಡಿಗೆ ಸೇರೋಕೆ ಪೇಪರ್ ಇದ್ರೆ ಒಳ್ಳೇದು ಅಂತ ಅವಳ ಫ್ರೆಂಡ್ಸ್ ಎಲ್ಲಾ ಹೀಗೇ ಮಾಡಿದ್ದಾರೆ. ಕೊಡ್ಲಾ? — ಒಬ್ಬ ತಾಯಿ, ಡೊಂಬಿವಲಿ

ಕೊಡ್ಬೇಡಿ ಅಮ್ಮ. ಉತ್ತರ ಇಷ್ಟೇ, ಆದ್ರೆ ಕಾರಣ ಹೇಳದಿದ್ರೆ ಮಗಳು ಕೇಳಲ್ಲ. ನೀವು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ, 22 ವರ್ಷದ ಹುಡುಗಿಗೆ "ಮಾನ್ಯ ಹಿರಿಯ ಪ್ರೊಫೆಸರ್ ಅವರೇ" ಅಂತ ಇಂಗ್ಲಿಷಲ್ಲಿ ಬರ್ದಿದ್ದಾರೆ, ನಾನು ಮೂವತ್ತು ವರ್ಷ ಪಾಠ ಮಾಡಿದ್ರೂ ನಂಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿಲ್ಲ. ಸರಿಯಾದ ಜರ್ನಲ್‌ಗೆ ಪೇಪರ್ ಬಂದ್ರೆ ಅದೇ ವಿಷಯ ಬಲ್ಲ ಇಬ್ರೋ ಮೂವರೋ ಪುಕ್ಕಟೆ ಕೂತು ಓದಿ ತಪ್ಪು ಹುಡುಕ್ತಾರೆ, ಅವರಿಗೂ ಪಾಠ, ಪರೀಕ್ಷೆ, ಮನೆ ಎಲ್ಲಾ ಇರುತ್ತೆ, ಹಾಗಾಗಿ ತಿಂಗಳುಗಟ್ಟಲೆ ಹಿಡಿಯುತ್ತೆ. ಏಳು ದಿನದಲ್ಲಿ ಆಯ್ತು ಅಂದ್ರೆ ಯಾರೂ ಓದಿಲ್ಲ ಅಂತ ಅರ್ಥ.

ಆದ್ರೆ ದುಡ್ಡು ಕೇಳಿದವರೆಲ್ಲ ಕಳ್ಳರು ಅಂತಾನೂ ಅಲ್ಲ. ಓಪನ್ ಆಕ್ಸೆಸ್ ಅಂದ್ರೆ ಯಾರು ಬೇಕಾದ್ರೂ ಪುಕ್ಕಟೆ ಓದಬಹುದಾದ ಜರ್ನಲ್, ಅಂಥಾ ಒಳ್ಳೆ ಜರ್ನಲ್‌ಗಳಲ್ಲೂ ಎಷ್ಟೋ ಕಡೆ ಬರೆದವರಿಂದ ಲಕ್ಷದ ಲೆಕ್ಕದಲ್ಲಿ ತಗೊಳ್ತಾರೆ, ಅದೊಂದು ಬೇರೆ ದೊಡ್ಡ ಗಲಾಟೆ. ಅದಕ್ಕೇ ದುಡ್ಡು ನೋಡ್ಬೇಡಿ, ಸಂಚಿಕೆ ತೆಗೆದು ನೋಡಿ. ಈ ಜರ್ನಲ್‌ನ ಹಿಂದಿನ ಸಂಚಿಕೆ ನಾನು ತೆಗ್ದೆ, ಒಂದೇ ಸಂಚಿಕೆಯಲ್ಲಿ ಹಲ್ಲಿನ ವೇರು, ಸಿಮೆಂಟ್ ಇಟ್ಟಿಗೆ, ಬಸವನಹುಳು ಮೂರೂ ಇತ್ತು! ಅಮೆರಿಕದ ಲೈಬ್ರರಿಯನ್ ಜೆಫ್ರಿ ಬೀಲ್ ಇಂಥವರ ಪಟ್ಟಿ ಇಟ್ಟಿದ್ರು, 2017ರ ಜನವರಿಯಲ್ಲಿ ಅದನ್ನ ತೆಗೆದು ಹಾಕಿದ್ರು. ನಮ್ಮ ಯುಜಿಸಿಯದ್ದು ಕೇರ್ ಅಂತ ಒಳ್ಳೆ ಜರ್ನಲ್‌ಗಳ ಪಟ್ಟಿ ಇತ್ತು, ಅದೂ 2025ರಲ್ಲಿ ನಿಂತು ಹೋಯ್ತು, ಈಗ ಆಯಾ ವಿಶ್ವವಿದ್ಯಾಲಯ ನೋಡ್ಕೊಳ್ಳಿ ಅಂತ ಬಿಟ್ಟಿದ್ದಾರೆ. ಇನ್ನೊಂದು ತಮಾಷೆ, ಪಿಎಚ್‌ಡಿ ಥೀಸಿಸ್ ಕೊಡೋಕೆ ಪೇಪರ್ ಇರ್ಲೇಬೇಕು ಅನ್ನೋ ನಿಯಮ ಯುಜಿಸಿ 2022ರಲ್ಲೇ ತೆಗೆದಿದೆ. ಸೇರುವಾಗ್ಲೇ ಬೇಕು ಅಂತ ಹೆದರ್ಸೋದು ಫ್ರೆಂಡ್ಸ್ ಮಾತ್ರ.

ಈಗ ಮಗಳಿಗೆ, ಇದನ್ನ ಅವಳಿಗೇ ಓದಿಸಿ. ಮರಿ, ನಿನ್ನ ಡೇಟಾ ಶೀಟ್ ನೋಡ್ದೆ. ಅರ್ಧ ಮೀಟರ್ ಚೌಕದ ಪಿವಿಸಿ ಪೈಪ್ ಫ್ರೇಮ್ ಕೆಸರಿನ ಮೇಲಿಟ್ಟು ಫಿಡ್ಲರ್ ಏಡಿ ಬಿಲ ಎಣಿಸಿದ್ದೀಯ, ಮೂವತ್ತು ಸಲ, ಶೀಟಿನ ಮೂಲೆಯಲ್ಲಿ ಕೆಸರಿನ ಬೆರಳಚ್ಚು ಇದೆ, ಅದು ನೋಡಿ ಖುಷಿಯಾಯ್ತು. ಆದ್ರೆ ಮೂವತ್ತೂ ಕೊಳಕು ನೀರು ಬಿಡೋ ಒಂದೇ ಪಂಪ್ ಹೌಸ್ ಪಕ್ಕದ ದಂಡೆಯಲ್ಲಿ ಮಾಡಿ, ಇನ್ನೊಂದು ಮೂವತ್ತು ಒಂದೇ ಒಂದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಲ್ಲಿ ಮಾಡಿ, ಕೊಳಕು ನೀರಿದ್ದಲ್ಲಿ ಏಡಿ ಕಮ್ಮಿ ಅಂತ ಬರೆದುಬಿಟ್ಟಿದ್ದೀಯ. ಮಾಟುಂಗಾದ ಒಂದು ಹೋಟ್ಲಿನ ಒಂದೇ ಕೊಪ್ಪರಿಗೆಯಿಂದ ಮೂವತ್ತು ಸೌಟು ಸಾಂಬಾರ್ ಕುಡಿದು, ದಾದರ್‌ನ ಇನ್ನೊಂದು ಕೊಪ್ಪರಿಗೆಯಿಂದ ಮೂವತ್ತು ಸೌಟು ಕುಡಿದು, ಮಾಟುಂಗಾದ ಸಾಂಬಾರೇ ಉಪ್ಪು ಅಂತ ಹೇಳಿದ ಹಾಗೆ ಅದು. ಸೌಟು ಮೂವತ್ತಾದ್ರೂ ಕೊಪ್ಪರಿಗೆ ಒಂದೇ ಅಲ್ವಾ. ಹರ್ಲ್‌ಬರ್ಟ್ ಅನ್ನೋ ಪರಿಸರ ವಿಜ್ಞಾನಿ 1984ರಲ್ಲೇ ಇದಕ್ಕೆ ಸ್ಯೂಡೋರೆಪ್ಲಿಕೇಶನ್ ಅಂತ ಹೆಸರಿಟ್ಟು ದೊಡ್ಡ ದೊಡ್ಡವರ ಪೇಪರ್‌ಗಳಲ್ಲೇ ಈ ತಪ್ಪು ತೋರಿಸಿದ್ರು, ಹಾಗಾಗಿ ಬೇಜಾರು ಮಾಡ್ಕೋಬೇಡ. ಮಳೆ ನಿಂತ ಮೇಲೆ ಪಂಪ್ ಇರೋ ನಾಲ್ಕೈದು ಕಡೆ, ಇಲ್ಲದ ನಾಲ್ಕೈದು ಕಡೆ, ಒಂದೊಂದು ಕಡೆ ಆರೇ ಫ್ರೇಮ್ ಹಾಕು ಸಾಕು. ಹೋಗೋ ಮುಂಚೆ ಅರಣ್ಯ ಇಲಾಖೆಯ ಮ್ಯಾಂಗ್ರೋವ್ ಸೆಲ್‌ನ ಪರ್ಮಿಶನ್ ಲೆಟರ್ ತಗೋ. ಆಮೇಲೆ ಕೊಯಮತ್ತೂರಿನಿಂದ ಬರೋ ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾಕ್ಕೆ ಕಳಿಸಿ ನೋಡು, ಅಲ್ಲಿ ಓದೋಕೂ ದುಡ್ಡಿಲ್ಲ, ಬರೆಯೋಕೂ ಇಲ್ಲ. ವಾಪಸ್ ಬಂದ್ರೆ ಯಾಕೆ ಬಂತು ಅಂತ ಬರೆದು ಕಳಿಸ್ತಾರಲ್ಲ, 4,500 ರೂಪಾಯಿಗೆ ಅದು ಸಿಗಲ್ಲ.

ಪ್ರಶ್ನೆ: ಮಾಷ್ಟ್ರೇ, ನಾನು ನವಿ ಮುಂಬೈಯ ನೆರುಳ್‌ನಲ್ಲಿ ಹೋಟೆಲ್ ಕ್ಯಾಶ್ ಕೌಂಟರಲ್ಲಿ ಇರುವುದು. ಮೇ ತಿಂಗಳಲ್ಲಿ ರಾತ್ರಿ ಶಟರ್ ಎಳೆಯುವಾಗ ತಲೆ ಮೇಲೆ ಫ್ಲೆಮಿಂಗೊ ಕೂಗ್ತಾ ಹೋಗ್ತವೆ. ಒಂದು ದಿನ 11 ಗಂಟೆಗೆ, ಮರುದಿನ 12ರ ಹತ್ರ, ಅದರ ಮರುದಿನ ಇನ್ನೂ ತಡ. ಇವಕ್ಕೆ ಟೈಮ್ ಇಲ್ವಾ? ಘಾಟ್ಕೋಪರಲ್ಲಿ ವಿಮಾನಕ್ಕೆ ಬಡಿದು ಸತ್ತದ್ದು ಲೈಟಿಂದಲಾ? — ನೆರುಳ್

ಮಾರಾಯ್ರೆ, ಟೈಮ್ ಉಂಟು, ಅದು ನಿಮ್ಮ ಗೋಡೆ ಗಡಿಯಾರದ್ದಲ್ಲ, ಚಂದ್ರನದ್ದು. ಸಮುದ್ರದ ಉಬ್ಬರ, ಮುಂಬೈಲಿ ಎಲ್ರೂ ಭರ್ತಿ ಅಂತಾರಲ್ಲ, ದಿನಕ್ಕೆ ಸುಮಾರು 50 ನಿಮಿಷ ತಡವಾಗ್ತಾ ಹೋಗುತ್ತೆ. ನೀರಿಳಿದಾಗ ಖಾಡಿಯ ಕೆಸರು ಬಯಲಾಗುತ್ತೆ, ಹಕ್ಕಿ ಅಲ್ಲಿ ತಲೆ ಕೆಳಗೆ ಮಾಡಿ ಕೊಕ್ಕಿನ ಜರಡಿಯಲ್ಲಿ ಪಾಚಿ ಸೋಸಿ ತಿನ್ನುತ್ತೆ, ಅದರ ಗುಲಾಬಿ ಬಣ್ಣವೂ ಆ ಊಟದ್ದೇ. ಭರ್ತಿ ಬಂದ್ರೆ ಕೆಸರು ಮುಳುಗಿತು, ನಿಲ್ಲೋಕೆ ಜಾಗ ಇಲ್ಲ, ಆಗ ನಿಮ್ಮ ನೆರುಳ್ ಕೆರೆಗಳಿಗೆ ಬರ್ತವೆ. ನೀವು ಕೇಳಿದ್ದು ಆ ಮೆರವಣಿಗೆ. ಥಾಣೆ ಖಾಡಿಯ ಒಂದು ಭಾಗವನ್ನ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಮಾಡಿದ್ರು, 2022ರಲ್ಲಿ ಖಾಡಿ ರಾಮ್‌ಸರ್ ತಾಣ, ಅಂದ್ರೆ ಜಗತ್ತೇ ಮುಖ್ಯ ಅಂತ ಒಪ್ಪಿದ ಜೌಗು ಜಾಗ ಅಂತಾನೂ ಆಯ್ತು, ಆದ್ರೆ ಹಕ್ಕಿಗೆ ಗಡಿ ಗೆರೆ ಗೊತ್ತಿಲ್ಲ ನೋಡಿ, ಊಟ ಅಭಯಾರಣ್ಯದಲ್ಲಿ, ನಿದ್ದೆ ಬಿಲ್ಡಿಂಗ್ ನಡುವಿನ ಕೆರೆಯಲ್ಲಿ. ಕೆರೆಗೆ ಉಬ್ಬರದ ನೀರು ಬರೋ ಪೈಪ್ ಮುಚ್ಚಿದ್ರೆ ಅಭಯಾರಣ್ಯ ಅಷ್ಟು ದೊಡ್ಡದಿದ್ದೂ ಏನು ಪ್ರಯೋಜನ.

2024ರ ಮೇ 20ರ ರಾತ್ರಿ ಘಾಟ್ಕೋಪರ್‌ನಲ್ಲಿ 39 ಸತ್ತವು. ರಾತ್ರಿ ಹಾರೋ ಹಕ್ಕಿ ದೀಪಕ್ಕೆ ದಾರಿ ತಪ್ಪೋದು ಜಗತ್ತಿನ ಎಷ್ಟೋ ಊರಲ್ಲಿ ದಾಖಲಾಗಿದೆ, ಆದ್ರೆ ಇಲ್ಲಿ ದೀಪವೇ ಕಾರಣ ಅಂತ ಹೇಳ್ಬೇಕಾದ್ರೆ ದೀಪ ಬರೋ ಮುಂಚೆ ಅವು ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಹಾರ್ತಿದ್ವು ಅಂತ ಗೊತ್ತಿರ್ಬೇಕಲ್ವಾ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು (ಬಿಎನ್‌ಎಚ್‌ಎಸ್) 2022ರಲ್ಲಿ ಕೆಲವು ಹಕ್ಕಿಗಳಿಗೆ ಜಿಪಿಎಸ್ ಕಟ್ಟಿದ ಮೇಲೆ ಇಲ್ಲಿಂದ ಗುಜರಾತಿಗೆ ಹೋಗೋ ದಾರಿ ಚೂರು ಚೂರು ಸಿಕ್ಕಿದೆ. ಗಲ್ಲಿಯೊಳಗಿನ ದಾರಿಗೆ ನಿಮ್ಮಂಥವರೇ ಬೇಕು. ಉದ್ರಿ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಕು, ಹೊತ್ತು, ಯಾವ ಕಡೆಯಿಂದ ಯಾವ ಕಡೆಗೆ ಅಂತ ಬರೀರಿ, ಕೇಳಿಸದ ದಿನ "ಇಲ್ಲ" ಅಂತಾನೂ ಬರೀರಿ, ಅದು ಬಹಳ ಮುಖ್ಯ, ಎಲ್ರೂ ನೋಡಿದ್ದನ್ನೇ ಬರೀತಾರೆ. ಸತ್ತ ಹಕ್ಕಿ ಕಂಡ್ರೆ ಮುಟ್ಟಬೇಡಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಕಡೆ ಕಬ್ಬಿನ ಗದ್ದೆಯಲ್ಲಿ ಬಿಬಟ್ಯಾ (ಚಿರತೆ) ಕಾಟ. ಹಿಡಿದು ದೂರದ ಕಾಡಿಗೆ ಬಿಟ್ರೆ ಮುಗೀತಲ್ಲ, ಸಂಶೋಧಕರು ಯಾಕೆ ಅಡ್ಡ ಬರ್ತಾರೆ? — ನಾರಾಯಣಗಾಂವ್, ಪುಣೆ ಜಿಲ್ಲೆ

ಅದನ್ನ ಮಾಡಿ ನೋಡಿ ಆಗಿದೆ, ನಿಮ್ಮ ಜುನ್ನರ್‌ನಲ್ಲೇ. ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತೆ ಜೊತೆಯವರು ಲೆಕ್ಕ ಹಾಕಿದ್ರು, 2001ಕ್ಕೆ ಮುಂಚೆ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ ಇತ್ತು, ಹಿಡಿದು ಬೇರೆ ಕಡೆ ಬಿಡೋದು ಜೋರಾದ ಮೇಲೆ 17 ಆಯ್ತು. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಚಿರತೆ ಅಲೆಯುತ್ತೆ, ಇಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತೆ. ಕಬ್ಬಿನಲ್ಲೇ ಹುಟ್ಟಿದ ಮರಿಗೆ ಕಬ್ಬೇ ಕಾಡು. ಕಟಾವಿನಲ್ಲಿ ಮರಿ ಸಿಕ್ಕಿದ್ರೆ ಮಾಣಿಕ್‌ಡೋಹ್ ಚಿರತೆ ರಕ್ಷಣಾ ಸೆಂಟರ್‌ನವರು ಅದೇ ಗದ್ದೆಯಲ್ಲಿ ಬುಟ್ಟಿಯಲ್ಲಿಟ್ಟು ತಾಯಿಗೆ ಕಾಯ್ತಾರೆ, ಅದೂ ಇದೇ ಕಾರಣಕ್ಕೆ. ಆದ್ರೆ ಮಗು ಕಳ್ಕೊಂಡ ಮನೆ ಮುಂದೆ ನಿಂತು ಗ್ರಾಫ್ ತೋರಿಸೋಕೆ ಆಗಲ್ಲ, ನಾನಂತೂ ತೋರಿಸಲ್ಲ. ರಾತ್ರಿ ಅಂಗಳಕ್ಕೆ ದೀಪ, ದನ ಆಡಿಗೆ ಗಟ್ಟಿ ಕೊಟ್ಟಿಗೆ, ಪರಿಹಾರ ತಡವಾಗದೆ ಬರೋದು, ಇದನ್ನ ಕೇಳೋವಾಗ ಸಂಶೋಧಕರೂ ನಿಮ್ಮ ಪಕ್ಕ ನಿಲ್ಲಬೇಕು, ಆ ಸಿಟ್ಟು ನಿಮ್ಮದು ಸರಿ ಇದೆ.

ಪ್ರಶ್ನೆ: ಸರ್, ಪಿಎಚ್‌ಡಿ ನಾಲ್ಕನೇ ವರ್ಷ. ಫೆಲೋಶಿಪ್ ಬರದೆ ಐದು ತಿಂಗಳಾಯ್ತು. ಅದಕ್ಕಿಂತ ನೋವಿನ ವಿಷಯ ಬೇರೆ. ಸಡಾದ (ಮುರಕಲ್ಲಿನ ಬಯಲು ಗುಡ್ಡದ) ಮೇಲಿನ ಮಳೆಗುಂಡಿಗಳನ್ನೆಲ್ಲ ನನಗೆ ತೋರಿಸಿದ್ದು ಒಬ್ರು ದನ ಕಾಯೋ ಮಾಮಾ, ಯಾವ ಗುಂಡಿಯಲ್ಲಿ ಯಾವಾಗ ಕಪ್ಪೆ ಮೊಟ್ಟೆ ಇಡುತ್ತೆ ಅಂತ ಅವರಿಗೇ ಗೊತ್ತು. ಪೇಪರಲ್ಲಿ ಅವರ ಹೆಸರು ಹಾಕೋಣ ಅಂದ್ರೆ ಗೈಡ್ ಕೊನೆಯಲ್ಲಿ ಥ್ಯಾಂಕ್ಸ್ ಹೇಳಿದ್ರೆ ಸಾಕು ಅಂತಾರೆ. — ಪುಣೆ

ಮೊದ್ಲು ದುಡ್ಡು. 2023ರ ಜನವರಿಯಿಂದ ಜೂನಿಯರ್ ಫೆಲೋಶಿಪ್ (ಜೆಆರ್‌ಎಫ್) ತಿಂಗಳಿಗೆ 37,000 ರೂಪಾಯಿ, ಸೀನಿಯರ್ (ಎಸ್‌ಆರ್‌ಎಫ್) 42,000, ಇದು ಕಾಗದದ ಮೇಲೆ. ಐದು ತಿಂಗಳು ಬರದಿದ್ರೆ ಪುಣೆಯ ರೂಮ್ ಬಾಡಿಗೆ ಕಾಗದದಲ್ಲಿ ಕಟ್ಟೋಕಾಗುತ್ತಾ? ಒಬ್ನೇ ಆಫೀಸಿಗೆ ಅಲೀಬೇಡ, ನಿನ್ನ ಹಾಗೆ ಎಷ್ಟು ಜನ ಇದ್ದೀರೋ ಎಲ್ರೂ ಸೇರಿ ಯಾವ ತಿಂಗಳ ಯಾವ ಫಾರ್ಮ್ ಯಾವ ಟೇಬಲ್ ಮೇಲೆ ನಿಂತಿದೆ ಅಂತ ಒಂದೇ ಹಾಳೆಯಲ್ಲಿ ಬರೆದು ಮೇಲ್ ಹಾಕಿ. ನಾನು ಕಂಡ ಹಾಗೆ ಹತ್ತರಲ್ಲಿ ಆರು ಸಲ ಒಂದು ಸಹಿಗೆ ನಿಂತಿರುತ್ತೆ, ಮತ್ತೆ ಅದು ಯಾರ ಸಹಿ ಅಂತ ಆಫೀಸಿನವರಿಗೇ ನೆನಪಿರಲ್ಲ.

ಮಾಮಾ ವಿಷಯ. ನಿಮ್ಮ ಗೈಡ್ ಹೇಳೋದು ಹಳೇ ಪದ್ಧತಿ. ಈಗ ಬಹಳ ಜರ್ನಲ್‌ಗಳು ಯಾರು ಏನು ಮಾಡಿದ್ರು ಅಂತ ಬರೆಯೋಕೆ ಕ್ರೆಡಿಟ್ ಅನ್ನೋ ಪಟ್ಟಿ ಕೇಳ್ತವೆ, ಅದರಲ್ಲಿ 14 ಪಾತ್ರ, ಡೇಟಾ ಕೂಡಿಸೋದೂ ಒಂದು. ತೊಡಕು ಎಲ್ಲಿ ಅಂದ್ರೆ ಲೇಖಕ ಅಂತ ಹೆಸರು ಹಾಕಿದ ಮೇಲೆ ಅವರು ಪೇಪರ್ ಒಪ್ಪಿರ್ಬೇಕು, ತಪ್ಪಿಗೂ ಜವಾಬ್ದಾರಿ. ಹಾಗಾದ್ರೆ ಕರಡು ಹಿಡ್ಕೊಂಡು ಸಡಾ ಹತ್ತು, ಮಾಮಾ ಪಕ್ಕ ಕೂತು ಪ್ಯಾರಾ ಪ್ಯಾರಾ ಮರಾಠಿಯಲ್ಲಿ ಹೇಳು. ನಾನು ಒಂದು ಸಲ ಹೀಗೆ ಓದಿ ಹೇಳೋವಾಗ ಕೇಳ್ತಿದ್ದ ಅಜ್ಜ ಅರ್ಧದಲ್ಲೇ ತಡೆದು, "ಆ ಗುಂಡಿ ಬೇಸಿಗೆಯಲ್ಲಿ ಒಣಗೋದಲ್ಲ ಮಾಸ್ತರ್, ನಾವೇ ಎಮ್ಮೆಗೆ ಅಂತ ಒಡ್ಡು ಕಡೀತೀವಿ" ಅಂದ್ರು. ನನ್ನ ಮೂರನೇ ಟೇಬಲ್ ಅಲ್ಲೇ ಮಗುಚಿ ಬಿತ್ತು. ಅವರು ಲೇಖಕರಲ್ಲದಿದ್ರೆ ಇನ್ಯಾರು? ಗೈಡ್ ಹತ್ರ ಜಗಳ ಬೇಡ, ಮಾಮಾ ತಿದ್ದಿದ್ದನ್ನೆಲ್ಲ ಕರಡಿನಲ್ಲಿ ಬಣ್ಣ ಹಾಕಿ ತೋರಿಸು. ಮುಂದಿನ ಪೇಪರ್‌ಗೆ ಯಾರ ಹೆಸರು ಎಲ್ಲಿ ಅಂತ ಫೀಲ್ಡ್‌ಗೆ ಹೋಗೋ ಮುಂಚೆಯೇ ಮೇಲ್‌ನಲ್ಲಿ ಮಾತಾಡ್ಕೋ.

ಪ್ರಶ್ನೆ: ಮಳೆಗಾಲದ ರಾತ್ರಿ ನಮ್ಮ ಮನೆ ಹಿಂದಿನ ಗದ್ದೆಯಲ್ಲಿ ಕೂಗೋದನ್ನ ಹಕ್ಕಿ ಕೂಗು ಗುರುತಿಸೋ ಮರ್ಲಿನ್ ಆ್ಯಪ್‌ಗೆ ಕೇಳಿಸಿದ್ರೆ ಒಂದೊಂದು ಸಲ ಒಂದೊಂದು ಹಕ್ಕಿ ಹೆಸರು ತೋರಿಸುತ್ತೆ. ಆ್ಯಪ್ ಹಾಳಾಗಿದೆಯಾ? — ಪೋಂಡಾ, ಗೋವಾ

ಆ್ಯಪ್ ಸರಿ ಇದೆ ಸ್ವಾಮಿ, ಕೂಗ್ತಿರೋದು ಕಪ್ಪೆ. ಅದಕ್ಕೆ ಹಕ್ಕಿ ಬಿಟ್ಟು ಬೇರೆ ಗೊತ್ತಿಲ್ಲ, ಹಾಗಾಗಿ ಗೊತ್ತಿದ್ದ ಹೆಸರಲ್ಲಿ ಹತ್ತಿರದ್ದನ್ನ ಹೇಳ್ತಿದೆ, ಕೆಲವು ಮೇಷ್ಟ್ರುಗಳ ಹಾಗೆ. ನಗಬೇಡಿ, ನಿಮ್ಮ ಗೋವಾದಲ್ಲೇ 2018ರಲ್ಲಿ ಒಂದು ಹೊಸ ಕಪ್ಪೆಗೆ ಹೆಸರಿಟ್ರು, ಗೋಯೆಂಚಿ, ಅಂದ್ರೆ ಕೊಂಕಣಿಯಲ್ಲಿ ಗೋವಾದ್ದು ಅಂತ. ಈ ಗುಂಪಿನ ಕಪ್ಪೆಗಳು ನೋಡೋಕೆ ಒಂದರ ಹಾಗೇ ಇನ್ನೊಂದು, ಡಿಎನ್‌ಎ ನೋಡಿ ಬೇರೆ ಮಾಡ್ಬೇಕಾಗುತ್ತೆ. ಮೊಬೈಲನ್ನ ಛತ್ರಿ ಕೆಳಗೆ ಹಿಡಿದು ಎರಡು ನಿಮಿಷ ರೆಕಾರ್ಡ್ ಮಾಡಿ, ಛತ್ರಿ ಮೇಲೆ ಮಳೆ ಬೀಳೋ ಸದ್ದು ಬರದ ಹಾಗೆ ಒಂದು ಟವೆಲ್ ಹೊದಿಸಿ, ಕೊನೆಯಲ್ಲಿ ತಾರೀಕು, ಹೊತ್ತು, ಜಾಗ ನಿಮ್ಮ ಬಾಯಲ್ಲೇ ಹೇಳಿ, ಜನ ಕಂಡ ಜೀವಿಗಳನ್ನ ದಾಖಲಿಸೋ ಐನ್ಯಾಚುರಲಿಸ್ಟ್ ವೆಬ್‌ಸೈಟ್‌ಗೆ ಹಾಕಿ. ನನಗೂ ಒಂದು ಕಾಪಿ ವಾಟ್ಸಾಪ್ ಮಾಡಿ, ಇಲ್ಲಿ ಡೊಂಬಿವಲಿಯಲ್ಲಿ ಕಪ್ಪೆ ಕೂಗು ಕೇಳಿ ಬಹಳ ವರ್ಷ ಆಯ್ತು.